ಇಲ್ಲದ ಶೀನನ ಸಾಲ

ಸಾಲದ ವಿಷಯದಲ್ಲಿ ನನ್ನಷ್ಟು ಶುದ್ಧ ಮನುಷ್ಯ ಬಣಕಲ್ಲಿನಿಂದ ಕೊಟ್ಟಿಗೆಹಾರದವರೆಗೆ ಹುಡುಕಿದರೂ ಸಿಗಲಿಕ್ಕಿಲ್ಲ ಎಂದು ಎದೆ ತಟ್ಟಿ ಹೇಳಿಕೊಂಡು ತಿರುಗುತ್ತಿದ್ದವನು ನಾನು. ಸೊಸೈಟಿಯಲ್ಲಿ ಸಾಲವಿಲ್ಲ, ಬ್ಯಾಂಕಿನಲ್ಲಿ ಸಾಲವಿಲ್ಲ, ಹಮೀದಣ್ಣನ ಕ್ಯಾಂಟೀನಿನಲ್ಲಿ ಒಂದು ಟೀಯ ಬಾಕಿಯೂ ಇಲ್ಲ. ಆದ್ದರಿಂದ ಸಾಲ ವಸೂಲಿಯವನೊಬ್ಬ ನನ್ನ ಅಂಗಡಿಯ ಬಾಗಿಲಿಗೆ ಬಂದು ನಿಂತಾಗ ನನಗೆ ಒಂಚೂರೂ ಭಯವಾಗಲಿಲ್ಲ. ಭಯ ಆಮೇಲೆ ಆಯಿತು!

ಅದಕ್ಕೆ ಮೊದಲು ಶೀನನ ವಿಷಯ ಹೇಳಬೇಕು.

ನನ್ನದು ಹೆದ್ದಾರಿ ಪಕ್ಕದ ಸಣ್ಣ ರಿಪೇರಿ ಅಂಗಡಿ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್, ನೀರಿನ ಮೋಟರ್, ಕಳೆ ಕೊಚ್ಚುವ ಮಿಷನ್ನು, ಹೀಗೆ ತೋಟದಲ್ಲಿ ಏನು ಕೆಟ್ಟರೂ ನನ್ನಲ್ಲಿಗೆ ಬರುತ್ತದೆ. ಬಂದದ್ದು ಬೇಗ ವಾಪಸ್ ಹೋಗುವುದಿಲ್ಲ. ಹಾಗಂತ ನಾನು ಕೆಲಸಗಳ್ಳನಲ್ಲ, ಸ್ವಲ್ಪ ನಿಧಾನಸ್ಥ. ಹತ್ತು ವರ್ಷದ ಹಿಂದೆ, ಕಾಳುಮೆಣಸು ಕೊಯ್ಯುವ ಸಮಯ. ಧರ್ಮಪ್ಪಗೌಡರು ತಮ್ಮ ಮೋಟರ್ ಕೇಳಲು ಮೂರನೆಯ ಸಲ ಬಂದು ಕಣ್ಣು ಕೆಂಪಗೆ ಮಾಡಿದಾಗ ನನ್ನ ಬಾಯಿಂದ ತಾನಾಗಿಯೇ ಒಂದು ಮಾತು ಹೊರಟಿತು.

"ಎಂಥ ಮಾಡೋದು ಗೌಡ್ರೇ, ನಮ್ಮ ಶೀನ ಬಂದಿಲ್ಲ."

ಶೀನ ಎಂಬುವವನು ಯಾರೂ ಇರಲಿಲ್ಲ! ಆದರೆ ಗೌಡರ ಮುಖ ಕೂಡಲೇ ಮೆತ್ತಗಾಯಿತು. "ನಿಮ್ಮಲ್ಲೂ ಹಂಗೇನಾ? ನಮ್ಮ ತೋಟಕ್ಕೆ ಇವತ್ತು ಬಂದಿದ್ದು ನಾಲ್ಕೇ ಆಳು ಮಾರಾಯ" ಎಂದು ನನ್ನ ಪಕ್ಕದಲ್ಲೇ ಕೂತು ಅರ್ಧ ಗಂಟೆ ದುಃಖ ತೋಡಿಕೊಂಡು ಹೋದರು. ಈ ಕಾಫಿ ಸೀಮೆಯಲ್ಲಿ ಮಳೆ ಬಂತು ಎಂದರೂ ಜನ ಒಮ್ಮೆ ಆಕಾಶ ನೋಡುತ್ತಾರೆ. ಕೆಲಸದವನು ಬಂದಿಲ್ಲ ಎಂದರೆ ಮಾತ್ರ ಯಾರೂ ಸಾಕ್ಷಿ ಕೇಳುವುದಿಲ್ಲ.

ಆವತ್ತಿನಿಂದ ಶೀನ ನನ್ನ ಅಂಗಡಿಯ ಕಾಯಂ ನೌಕರನಾದ. ಯಾಕೆ ಬಂದಿಲ್ಲ ಎಂದು ಜನ ಕೇಳತೊಡಗಿದಂತೆ ಅವನಿಗೆ ಮೈ ಕೈ ಬಂತು. ಮೆಣಸು ಕೊಯ್ಯಲು ಹೋಗಿ, ಬಳ್ಳಿ ಹಬ್ಬಿದ್ದ ಸಿಲ್ವರ್ ಮರದಿಂದ ಬಿದ್ದದ್ದರಿಂದ ಎಡಗಾಲು ಕುಂಟು. ಬಿಸಿಲಿದ್ದರೂ ಕುತ್ತಿಗೆಗೆ ಕೆಂಪು ಮಫ್ಲರ್. ಕಳಸದ ಕಡೆ ಒಬ್ಬಳು ತಾಯಿ, ಆಕೆಗೆ ಮೊಣಕಾಲು ನೋವು. ನನ್ನ ಬೆಂಚಿನ ಮೇಲೆ ಕೆಲಸ ಹೆಚ್ಚಾದಾಗಲೆಲ್ಲ ಆ ತಾಯಿಯ ನೋವು ಉಲ್ಬಣಿಸುತ್ತಿತ್ತು. ಮನೆಗೆ ತಡವಾಗಿ ಹೋದರೆ ಹೆಂಡತಿ ಸುಜಾತಳಿಗೂ ಅದೇ ಉತ್ತರ: "ಶೀನನ್ನ ಬಸ್ ಹತ್ತಿಸಿ ಬಂದೆ." ಸಂಬಳ ಕೇಳದ, ನನ್ನ ಪಾಲಿನ ಬೈಗುಳವನ್ನೆಲ್ಲ ತಾನೇ ತಿನ್ನುವ ಇಂಥ ನೌಕರ ಯಾವ ಎಸ್ಟೇಟ್ ಮಾಲೀಕನಿಗೂ ಸಿಕ್ಕಿರಲಿಕ್ಕಿಲ್ಲ.

ಈ ವರ್ಷ ಮಳೆ ನಿಂತು ಮಂಜು ಮಾತ್ರ ಉಳಿದಿದ್ದ ದಿನಗಳು. ಬೆಳಿಗ್ಗೆ ಹನ್ನೊಂದಾದರೂ ರಸ್ತೆಯ ಆಚೆ ಬದಿ ಕಾಣುತ್ತಿರಲಿಲ್ಲ. ಬಸ್ಸುಗಳು ಲೈಟು ಹಾಕಿಕೊಂಡು, ಹಾರ್ನ್ ಬಾರಿಸುತ್ತ, ದಾರಿ ತಡಕುತ್ತ ಹೋಗುತ್ತಿದ್ದವು. ಆ ಮಂಜಿನೊಳಗಿಂದ ಬಿಳಿ ರೇನ್‌ಕೋಟಿನ ಮನುಷ್ಯನೊಬ್ಬ ಸದ್ದಿಲ್ಲದೆ ಬಂದು ನನ್ನ ಬೆಂಚಿನ ಮುಂದೆ ನಿಂತ. ಹೆಸರು ಪ್ರವೀಣ, ಚಿಕ್ಕಮಗಳೂರಿನ ಒಂದು ಫೈನಾನ್ಸಿನವನು. ವಸೂಲಿಯವರೆಂದರೆ ದೊಡ್ಡ ಗಂಟಲಿನವರು ಎಂದು ನಾನು ತಿಳಿದಿದ್ದೆ. ಇವನದು ಆಸ್ಪತ್ರೆಯ ವಾರ್ಡಿನಲ್ಲಿ ಮಾತಾಡುವವರ ಮೆಲು ದನಿ.

"ಶೀನಪ್ಪ ಅವ್ರು ಇದ್ದಾರಾ ಸಾರ್?"

ಹತ್ತು ವರ್ಷದ ಅಭ್ಯಾಸ! ತಲೆ ಎತ್ತದೆಯೇ "ಇಲ್ಲ, ಕಳಸಕ್ಕೆ ಹೋಗಿದ್ದಾನೆ" ಎಂದುಬಿಟ್ಟೆ.

"ತಾಯಿಯವ್ರ ಮೊಣಕಾಲಾ?"

ಕೈಲಿದ್ದ ಸ್ಪ್ಯಾನರ್ ಜಾರಿ ನನ್ನ ಕಾಲಿನ ಮೇಲೆ ಬಿತ್ತು. ಅವನು ಸಾವಕಾಶವಾಗಿ ಪ್ಲಾಸ್ಟಿಕ್ ಕವರಿನಿಂದ ಕಾಗದ ತೆಗೆದು ಹರಡಿದ. ಶೀನಪ್ಪ, ವಯಸ್ಸು ನಲವತ್ತೈದು. ಕೆಲಸ, ನನ್ನ ಅಂಗಡಿಯಲ್ಲಿ ಮೆಕ್ಯಾನಿಕ್. ಗುರುತು, ಎಡಗಾಲು ಕುಂಟು. ಸಾಲದ ಕಾರಣ, ತಾಯಿಯ ಮೊಣಕಾಲಿನ ಆಪರೇಷನ್. ಸಾಲ ನಲವತ್ತು ಸಾವಿರ. ಮೂರು ಕಂತು ಕಟ್ಟಿದ ಮೇಲೆ ಫೋನ್ ಸ್ವಿಚ್ ಆಫ್. ಜೊತೆಗಿದ್ದ ಫೋಟೋ ಜೆರಾಕ್ಸಿನ ಜೆರಾಕ್ಸು. ಮುಖ ಇರಬೇಕಾದ ಜಾಗದಲ್ಲಿ ಬರೀ ಕಪ್ಪು ಮಸಿ. ಕುತ್ತಿಗೆಗೆ ಸುತ್ತಿದ್ದ ಮಫ್ಲರ್ ಮಾತ್ರ ಸ್ಪಷ್ಟವಾಗಿತ್ತು!

 "ನೋಡಿ, ಇವನಿಗೂ ನನಗೂ ಸಂಬಂಧ ಇಲ್ಲ" ಎಂದೆ.

"ಈಗಷ್ಟೇ ಕಳಸಕ್ಕೆ ಹೋಗಿದ್ದಾರೆ ಅಂದ್ರಲ್ಲ ಸಾರ್" ಎಂದ ಪ್ರವೀಣ, ಅಷ್ಟೇ ಮೆಲ್ಲಗೆ. ಆಮೇಲೆ ತನ್ನ ಮೊಬೈಲ್ ನನ್ನ ಕಿವಿಯ ಹತ್ತಿರ ಹಿಡಿದ. ಸಾಲ ಕೊಡುವ ಮೊದಲು ವಿಚಾರಣೆಗೆ ಅವರ ಆಫೀಸಿನಿಂದ ಮಾಡಿದ್ದ ಫೋನಂತೆ. ಅದರೊಳಗಿಂದ ನನ್ನದೇ ದನಿ ಗಟ್ಟಿಯಾಗಿ ಕೇಳಿಸಿತು: "ಶೀನನಾ? ಇದ್ದಾನೆ ಇದ್ದಾನೆ, ಹತ್ತು ವರ್ಷದಿಂದ ನಮ್ಮಲ್ಲೇ. ಚಿನ್ನದಂಥ ಮನುಷ್ಯ. ಅವನ ಜವಾಬ್ದಾರಿ ನಂದು!" ಹಿಂದುಗಡೆ ಧರ್ಮಪ್ಪಗೌಡರು ಕೆಮ್ಮುವುದೂ ಕೇಳಿಸುತ್ತಿತ್ತು.

ಆಗ ನೆನಪಾಯಿತು. ಕೆಲವು ತಿಂಗಳ ಹಿಂದೆ ಗೌಡರು ಬಂದು ಕಳೆ ಮಿಷನ್ ಎಲ್ಲಿ ಎಂದು ಗದರುತ್ತಿದ್ದರು. ಕಾರ್ಬೊರೇಟರ್ ಶೀನನ ಕೈಲಿದೆ ಎಂದು ನಾನು ಹೇಳಿ ಮುಗಿಸುವಷ್ಟರಲ್ಲಿ ಯಾರೋ ಫೋನ್ ಮಾಡಿ ಶೀನಪ್ಪ ನಿಮ್ಮಲ್ಲಿದ್ದಾರಾ ಎಂದು ಕೇಳಿದ್ದರು. ಯಾರಾದರೂ ಗಿರಾಕಿ ಇರಬೇಕೆಂದುಕೊಂಡೆ. ಗೌಡರು ಎದುರಿಗೇ ನಿಂತಿರುವಾಗ ಅಂಥವನಿಲ್ಲ ಎನ್ನಲಾದೀತೆ? ಹೊಗಳಿ ಅಟ್ಟಕ್ಕೇರಿಸಿದ್ದೆ.

ಈಗಲೂ ಸತ್ಯ ಹೇಳಬಹುದಿತ್ತು. ಆದರೆ ಇನ್ನೆರಡು ತಿಂಗಳಿಗೆ ಕಾಫಿ ಕೊಯ್ಲು. ಸುತ್ತಲಿನ ಪಲ್ಪರುಗಳೆಲ್ಲ ನನ್ನ ಅಂಗಡಿಗೆ ಬರುವ ಕಾಲ. ಹತ್ತು ವರ್ಷ ಇಲ್ಲದ ಮನುಷ್ಯನನ್ನು ತೋರಿಸಿ ಊರಿಗೆ ಟೋಪಿ ಹಾಕಿದ್ದೇನೆ ಎಂದು ಗೊತ್ತಾದರೆ ಒಂದು ನಟ್ಟೂ ನನ್ನ ಬಾಗಿಲಿಗೆ ಬರುವುದಿಲ್ಲ. ಸುಮ್ಮನಿದ್ದರೆ, ಮನೆ ಮಾಡಿನ ಸೋರುವ ಶೀಟು ಬದಲಾಯಿಸಲು ಸುಜಾತ ಕೂಡಿಟ್ಟ ದುಡ್ಡು ಫೈನಾನ್ಸಿಗೆ ಹೋಗುತ್ತದೆ. ಮಾನ ಉಳಿಸಬೇಕೋ, ಮಾಡು ಉಳಿಸಬೇಕೋ? ನನ್ನ ತೀಕ್ಷ್ಣ ಬುದ್ಧಿ ಮೂರನೆಯ ದಾರಿಯನ್ನು ಕಂಡುಹಿಡಿಯಿತು.

"ಅವನನ್ನ ನಿನ್ನೆಯೇ ಕೆಲಸದಿಂದ ತೆಗೆದೆ" ಎಂದೆ, ಗಂಭೀರವಾಗಿ.

ಪ್ರವೀಣನ ಮುಖದಲ್ಲಿ ಮೊದಲ ಬಾರಿಗೆ ನಗು ಕಾಣಿಸಿತು. "ಒಳ್ಳೇದಾಯ್ತು ಸಾರ್. ಹಂಗಾದ್ರೆ ಹತ್ತು ವರ್ಷದ ಸೆಟ್ಲ್‌ಮೆಂಟ್ ನೀವು ಅವ್ರಿಗೆ ಕೊಡ್ಬೇಕಲ್ಲ. ಅದನ್ನ ನಮ್ಗೇ ಕೊಟ್ಬಿಡಿ. ನಾಳೆ ಬರ್ತೀನಿ."

ತಿರುಗಿ ಮಂಜಿನೊಳಗೆ ಹೋದ. ಬೈಕಿನ ಸದ್ದೂ ಕೇಳಿಸಲಿಲ್ಲ. ಪೆಟ್ರೋಲ್ ಉಳಿಸಲು ಇಳಿಜಾರಿನಲ್ಲಿ ಎಂಜಿನ್ ಆಫ್ ಮಾಡಿಕೊಂಡು ಹೋಗುತ್ತಿದ್ದನೆಂದು ಗೊತ್ತಾಗಿದ್ದು ಎಷ್ಟೋ ದಿನದ ಮೇಲೆ. ಆ ಹೊತ್ತಿಗೆ ಮಾತ್ರ ಅಂಗಡಿಯ ಲೈಟುಗಳನ್ನೆಲ್ಲ ಹಾಕಿಕೊಂಡು ಕೂತೆ.

ಮಧ್ಯಾಹ್ನ ಊಟಕ್ಕೆ ಹೋದವನು ಸುಜಾತಳ ಮುಂದೆ ಎಲ್ಲವನ್ನೂ ಒಪ್ಪಿಕೊಂಡೆ. "ಶೀನ ಅಂತ ಯಾರೂ ಇಲ್ಲ ಕಣೇ. ನಾನೇ ಹುಟ್ಟಿಸಿದ್ದು."

ಸೌಟು ಹಿಡಿದ ಕೈ ಸಾರಿನ ಪಾತ್ರೆಯ ಮೇಲೆಯೇ ನಿಂತಿತು. "ಪ್ರತಿ ಯುಗಾದಿಗೂ ಅವನಿಗೆ ಅಂತ ಒಬ್ಬಟ್ಟು ಕಟ್ಟಿ ಕಳಿಸ್ತಿದ್ನಲ್ರೀ, ಅದನ್ನ ಯಾರು ತಿಂದಿದ್ದು?"

"ನಾನು."

"ಹತ್ತು ವರ್ಷ?"

"ಅಂಗಡಿ ಬಾಗ್ಲು ಹಾಕ್ಕೊಂಡು."

ಸೌಟು ನನ್ನ ತಲೆಗೆ ಬರುತ್ತದೆಂದು ಕಣ್ಣು ಮುಚ್ಚಿದೆ. ಬರಲಿಲ್ಲ. ಕಣ್ಣು ಬಿಟ್ಟರೆ ಸುಜಾತ ನನ್ನನ್ನು ವಿಚಿತ್ರವಾಗಿ ನೋಡುತ್ತಿದ್ದಳು. "ಸಾಲದವ್ರು ಬಂದ್ರು ಅಂತ ಹಿಂಗೆಲ್ಲ ಸುಳ್ಳು ಹೇಳ್ಬೇಡಿ. ನಾನೇ ಅವನನ್ನ ನೋಡಿದ್ದೀನಿ."

"ಯಾರನ್ನ?"

"ಶೀನನ್ನ. ಹೋದ ವಾರ ಬಸ್‌ಸ್ಟ್ಯಾಂಡಲ್ಲಿ. ಕೆಂಪು ಮಫ್ಲರ್ ಸುತ್ಕೊಂಡು ಕಾಲು ಎಳೀತಾ ಬಂದ. ನೀನು ಶೀನ ಅಲ್ವೇನಪ್ಪಾ ಅಂದೆ, ಹೌದಕ್ಕಾ ಅಂದ. ಒಬ್ಬಟ್ಟು ಹೆಂಗಿತ್ತೋ ಅಂದೆ. ಚೆನ್ನಾಗಿತ್ತಕ್ಕಾ, ಏಲಕ್ಕಿ ಒಂಚೂರು ಮುಂದಾಗಿತ್ತು ಅಂದ."

 ಈ ವರ್ಷದ ಒಬ್ಬಟ್ಟಿಗೆ ಏಲಕ್ಕಿ ಮುಂದಾಗಿದ್ದು ನಿಜ. ಬಾಯಿಬಿಟ್ಟರೆ ಮುಂದಿನ ವರ್ಷ ಒಬ್ಬಟ್ಟೇ ಸಿಗದೆಂದು ನಾನು ಯಾರಿಗೂ ಹೇಳಿರಲಿಲ್ಲ. ಅದು ಗೊತ್ತಿದ್ದದ್ದು ನನ್ನ ನಾಲಿಗೆಗೆ ಮಾತ್ರ!

ಹೆದರಿಕೆ ಹೆಚ್ಚಾದಾಗ ಮನುಷ್ಯ ಸತ್ಯ ಹೇಳಿಬಿಡುತ್ತಾನೆ. ಮಾರನೆಯ ದಿನ ಮಾನದ ಆಸೆ ಬಿಟ್ಟು ಹಮೀದಣ್ಣನ ಕ್ಯಾಂಟೀನಿಗೆ ಹೋದೆ. ಹತ್ತು ಜನರ ಎದುರು ನಿಂತು, ಶೀನ ಎಂಬವನು ಇಲ್ಲವೇ ಇಲ್ಲ, ಇಷ್ಟು ವರ್ಷ ಹೇಳಿದ್ದೆಲ್ಲ ಸುಳ್ಳು, ಕ್ಷಮಿಸಿ ಎಂದು ಕೈ ಮುಗಿದೆ. ಯಾರಾದರೂ ಬೈದಾರು, ಯಾರಾದರೂ ನಕ್ಕಾರು ಎಂದುಕೊಂಡಿದ್ದೆ.

 ಹಮೀದಣ್ಣ ಟೀ ಹಾರಿಸುವುದನ್ನು ನಿಲ್ಲಿಸಿದ. "ಲೋಕೇಶಣ್ಣ, ನೀವು ಹಿಂಗೆ ಅಂತ ನನಗೆ ಗೊತ್ತಿರ್ಲಿಲ್ಲ. ಹತ್ತು ವರ್ಷ ದುಡಿಸ್ಕೊಂಡು, ಅವನಿಗೆ ಕಷ್ಟ ಬಂದಾಗ ಅಂಥ ಮನುಷ್ಯನೇ ಇಲ್ಲ ಅಂತೀರಲ್ಲ!"

"ಅಯ್ಯೋ ಹಮೀದಣ್ಣ, ಅವನು ನಿಜವಾಗಿ ಇಲ್ಲ ಮಾರಾಯ!"

"ಇಲ್ಲ ಅಂದ್ರೆ? ನಿನ್ನೆ ನೀವೀಗ ನಿಂತಿರೋ ಜಾಗದಲ್ಲೇ ಕೂತು ಟೀ ಕುಡಿದು ಹೋದ."

ನಾನು ಹಾರಿ ಪಕ್ಕಕ್ಕೆ ಸರಿದೆ. ಮೂಲೆಯಲ್ಲಿದ್ದ ಧರ್ಮಪ್ಪಗೌಡರು ಎದ್ದು ಬಂದು ನನ್ನ ಹೆಗಲ ಮೇಲೆ ಕೈಯಿಟ್ಟರು. "ಮೋಟರ್ ತಡ ಆಯ್ತು ಅಂತ ಮೊನ್ನೆ ಅವನಿಗೆ ರಸ್ತೆಯಲ್ಲೇ ಬೈದೆ ನೋಡು. ಪಾಪ, ಒಂದು ಮಾತು ಎದುರಾಡಲಿಲ್ಲ. ನಾಳೆ ಆಗತ್ತೆ ಗೌಡ್ರೇ ಅಂದ. ಅಂಥವನ ಹೊಟ್ಟೆ ಮೇಲೆ ಹೊಡೀಬೇಡಪ್ಪ." ಕ್ಯಾಂಟೀನಿನಲ್ಲಿದ್ದವರೆಲ್ಲ ತಲೆಯಾಡಿಸಿದರು. ನನ್ನ ಸುಳ್ಳನ್ನು ಹತ್ತು ವರ್ಷ ಕಣ್ಣು ಮುಚ್ಚಿ ನಂಬಿದ್ದ ಊರು ನನ್ನ ಒಂದೇ ಒಂದು ಸತ್ಯವನ್ನು ನಂಬಲಿಲ್ಲ.

ಹೊರಗೆ ಬಂದೆ. ಮಂಜು ಇನ್ನೂ ದಟ್ಟವಾಗಿತ್ತು. ನನ್ನ ಅಂಗಡಿಯ ಕಡೆಗೆ ತಿರುಗಿದರೆ ಸ್ವಲ್ಪ ದೂರದಲ್ಲಿ, ರಸ್ತೆಯ ಅಂಚಿನಲ್ಲಿ, ಏನೋ ಕೆಂಪಗೆ ಕಂಡಿತು. ಅದು ಚಲಿಸುತ್ತಿತ್ತು. ಒಂದು ಹೆಜ್ಜೆ ನೇರ, ಒಂದು ಹೆಜ್ಜೆ ಎಳೆತ. ಟಪ್, ಸರ್ರ್. ಟಪ್, ಸರ್ರ್. ಶೀನ ಹೀಗೆ ಕುಂಟುತ್ತಾನೆ ಎಂದು ಹತ್ತು ವರ್ಷ ನಾನು ಗಿರಾಕಿಗಳಿಗೆ ನಡೆದು ತೋರಿಸುತ್ತಿದ್ದೆನಲ್ಲ, ಥೇಟು ಅದೇ ನಡಿಗೆ!

"ಏಯ್, ಯಾರೋ ಅದು?" ಎಂದು ಕೂಗಿದೆ. ಆಕೃತಿ ನಿಂತಿತು. ತಿರುಗಿ ನನ್ನನ್ನು ನೋಡಿದಂತಿತ್ತು. ಮುಖದ ಜಾಗದಲ್ಲಿ ಬರೀ ಬಿಳಿ ಮಂಜು. ಮರುಕ್ಷಣ ಅದು ಕುಂಟುತ್ತಲೇ ಓಡಿತು. ನಾನೂ ಓಡಿದೆ. ಧೈರ್ಯದಿಂದ ಓಡಿದೆ ಎಂದು ಬರೆಯುವ ಆಸೆಯಿದೆ. ಆದರೆ ನಾನು ಅದರ ಹಿಂದೆ ಓಡುತ್ತಿದ್ದೇನೋ, ಅದರಿಂದ ದೂರ ಓಡುತ್ತಿದ್ದೇನೋ ಆ ಮಂಜಿನಲ್ಲಿ ನನಗೇ ತಿಳಿಯಲಿಲ್ಲ. ಮೂವತ್ತು ಹೆಜ್ಜೆಗೆ ರಸ್ತೆ ಮುಗಿಯಿತು, ಚರಂಡಿ ಸಿಕ್ಕಿತು. ಸೊಂಟದವರೆಗೆ ಕೆಸರು.

ಮೇಲಿನಿಂದ ಒಂದು ಬಿಳಿ ತೋಳು ಇಳಿದು ಬಂತು. "ಹಿಡ್ಕೊಳಿ ಸಾರ್" ಎಂದಿತು ಮೆಲು ದನಿ. ಪ್ರವೀಣ! ನನ್ನನ್ನು ಎಳೆದು ನಿಲ್ಲಿಸಿ, ಕರವಸ್ತ್ರದಿಂದ ನನ್ನ ಕನ್ನಡಕ ಒರೆಸಿಕೊಟ್ಟು, ಕೇಳಿದ: "ಶೀನ ಬಂದ್ರಾ ಸಾರ್?"

ನನಗೆ ಸಾಕಾಗಿಹೋಗಿತ್ತು. ಕೆಸರಿನ ಕೈಯಲ್ಲೇ ಜೇಬಿನಿಂದ ದುಡ್ಡು ತೆಗೆದು ಒಂದು ಕಂತು ಕಟ್ಟಿದೆ. ಇಲ್ಲದ ಮನುಷ್ಯ ಮಾಡಿದ ಸಾಲಕ್ಕೆ, ಇದ್ದ ದುಡ್ಡು ಕೊಟ್ಟ ಮೊದಲ ಮಹಾನುಭಾವ ನಾನೇ ಇರಬೇಕು. ಅವನು ಕೊಟ್ಟ ಕಾಗದಕ್ಕೆ ಓದದೆ ಸಹಿಯನ್ನೂ ಹಾಕಿದೆ. "ಶೀನಪ್ಪನವರ ಮಾಲೀಕರು, ಅವರ ಪರವಾಗಿ" ಎಂದು ಅದರ ಕೆಳಗೆ ಅಚ್ಚಾಗಿದ್ದು ಕಂಡದ್ದು ಮನೆಗೆ ಹೋಗಿ ಸ್ನಾನ ಮಾಡಿ ಕನ್ನಡಕ ಮತ್ತೊಮ್ಮೆ ತೊಳೆದ ಮೇಲೆ. ಇಷ್ಟು ದಿನ ಬಾಯಲ್ಲಿ ಮಾತ್ರ ಇದ್ದ ನೌಕರನನ್ನು ಈಗ ನನ್ನ ಕೈಯಾರೆ ಕಾಗದಕ್ಕೂ ಇಳಿಸಿದ್ದೆ.  ಸುಜಾತ ಸೋರುವ ಶೀಟಿನ ಕೆಳಗಿಡಲು ಇನ್ನೊಂದು ಬಕೆಟ್ ತಂದುಕೊಟ್ಟಳು.

ಎರಡು ದಿನ ಯಾರೂ ಬರಲಿಲ್ಲ. ಮೂರನೆಯ ದಿನ, ಮಧ್ಯಾಹ್ನ ಮೂರರ ಹೊತ್ತಿಗೆ, ಪಲ್ಪರಿನೊಳಗೆ ತಲೆ ಹಾಕಿ ಕೂತಿದ್ದೆ. ಅಂಗಳದಲ್ಲಿ ಸದ್ದಾಯಿತು. ಟಪ್, ಸರ್ರ್. ಟಪ್, ಸರ್ರ್. ಬಾಗಿಲಲ್ಲಿ ಬೆಳಕು ಕಡಿಮೆಯಾಯಿತು.

"ಸಾಹುಕಾರ್ರೇ, ನಾನು ಶೀನ."

ತಲೆ ಹೊರಗೆ ತೆಗೆಯುವ ಧೈರ್ಯ ಬರಲಿಲ್ಲ. ಪಲ್ಪರಿನೊಳಗಿಂದಲೇ ಕೇಳಿದೆ: "ನೀನು... ಮನುಷ್ಯನೇನಪ್ಪಾ?"

"ಹೌದು ಸಾಹುಕಾರ್ರೇ. ಸ್ವಲ್ಪ ಹಸಿವಾಗಿದೆ."

ಹಸಿವು ಎಂದಿದ್ದರಿಂದ ಜೀವ ಬಂತು. ಹೊರಗೆ ತಲೆ ತೆಗೆದು ನೋಡಿದೆ. ನಲವತ್ತೈದರ ಬಡಕಲು ಮನುಷ್ಯ, ನರೆತ ಗಡ್ಡ, ಮಾಸಿದ ಕೆಂಪು ಮಫ್ಲರ್. ನಿಜವಾದ ಮುಖ. ಅವನು ಜೇಬಿನಿಂದ ಮಡಿಸಿದ ನೋಟುಗಳನ್ನು ತೆಗೆದು ಬೆಂಚಿನ ಮೇಲಿಟ್ಟು ಕೈ ಮುಗಿದ. "ನೀವು ನನ್ನ ಕಂತು ಕಟ್ಟಿದ್ರಂತೆ. ಹಮೀದಣ್ಣ ಹೇಳಿದ್ರು. ನನಗೋಸ್ಕರ ಯಾರೂ ಹಿಂಗೆ ದುಡ್ಡು ಬಿಚ್ಚಿದ್ದಿಲ್ಲ. ಮರ ಲೋಡ್ ಮಾಡೋ ಕೆಲಸ ಸಿಕ್ತು, ತಂದಿದ್ದೀನಿ. ತಪ್ಪಾಯ್ತು ಸಾಹುಕಾರ್ರೇ."

ನಾನು ಕೊಟ್ಟ ಬನ್ನು ತಿನ್ನುತ್ತ ಅವನು ಎಲ್ಲವನ್ನೂ ಹೇಳಿದ. ಹೆಸರು ನಿಜವಾಗಿಯೂ ಶೀನಪ್ಪ, ಊರು ಕಳಸದ ಕಡೆ. ಕೆಲಸ ಹುಡುಕಿಕೊಂಡು ವರ್ಷದ ಹಿಂದೆ ಬಣಕಲ್ಲಿಗೆ ಬಂದಾಗ, ಹೆಸರು ಕೇಳಿ ಕಾಲು ನೋಡಿ ಹಮೀದಣ್ಣ "ಓಹೋ, ಲೋಕೇಶಣ್ಣನ ಶೀನ!" ಎಂದು ಟೀ ಕೊಟ್ಟನಂತೆ. ಹಸಿವಿತ್ತು, ಹೌದು ಎಂದನಂತೆ. ಆಮೇಲೆ ಇಲ್ಲ ಎನ್ನಲು ಊರು ಬಿಡಲೇ ಇಲ್ಲ. ಲೋಕೇಶಣ್ಣನ ಶೀನ ಎಂದ ಕೂಡಲೇ ಬಾಡಿಗೆ ಕೋಣೆ ಸಿಕ್ಕಿತು, ಫೈನಾನ್ಸಿನವರು ಕೇಳಿದಾಗ ಬೀದಿಯವರೆಲ್ಲ ಒಳ್ಳೆಯ ಮಾತಾಡಿದರು. ತಾಯಿಗೆ ಆಪರೇಷನ್ ಆಯಿತು. "ಅಮ್ಮ ಈಗ ನಡೀತಾಳೆ ಸಾಹುಕಾರ್ರೇ" ಎಂದು ಹೇಳುವಾಗ ಅವನ ಕಣ್ಣು ತುಂಬಿತ್ತು.  ನನ್ನ ಸುಳ್ಳಿನಿಂದ ಲೋಕದಲ್ಲಿ ಒಬ್ಬರಿಗಾದರೂ ಉಪಯೋಗವಾಗಿತ್ತು.

"ಮತ್ತೆ ನನ್ನ ಕಂಡು ಓಡಿದ್ದು ಯಾಕೆ?"

"ಸಾಲ ಬೇರೆ ನಿಂತಿತ್ತು. ಅದೂ ಅಲ್ದೆ, ಊರಲ್ಲೆಲ್ಲ ನಿಮ್ಮ ಹೆಸರಲ್ಲಿ ಬೈಸ್ಕೊಂಡಿದ್ದೀನಲ್ಲ. ಮೋಟರ್ ಎಲ್ಲಿ, ಪಂಪ್ ಎಲ್ಲಿ ಅಂತ. ನನಗೆ ಗೊತ್ತಿರೋದು ಒಂದೇ ಉತ್ತರ, ನಾಳೆ. ನೀವು ಕೊಂದೇ ಹಾಕ್ತೀರಿ ಅಂತ ಹೆದರಿಕೆ."

"ಆ ಒಬ್ಬಟ್ಟಿನ ಏಲಕ್ಕಿ?"

"ಅಕ್ಕ ಕೇಳಿದ್ರು, ಏನಾದ್ರೂ ಹೇಳ್ಬೇಕಿತ್ತಲ್ಲ. ಬಾಯಿಗೆ ಬಂದದ್ದು ಹೇಳ್ದೆ."

ನೆಮ್ಮದಿಯ ಉಸಿರು ಬಿಟ್ಟೆ. ಎಲ್ಲಕ್ಕೂ ಕಾರಣವಿತ್ತು, ನಾನು ಸುಮ್ಮನೆ ಹೆದರಿದ್ದೆ. ನಗುತ್ತಲೇ ಕೊನೆಯ ಪ್ರಶ್ನೆ ಕೇಳಿದೆ. "ಕಾಲಿಗೇನಾಯ್ತೋ ಮಾರಾಯ?"

"ಮೆಣಸು ಕೊಯ್ಯುವಾಗ ಸಿಲ್ವರ್ ಮರದಿಂದ ಬಿದ್ದೆ ಸಾಹುಕಾರ್ರೇ."

ನಗು ನಿಂತಿತು. "ಯಾವಾಗ?"

"ಹತ್ತು ವರ್ಷ ಆಯ್ತು. ಏಣಿ ಗಟ್ಟಿಯಾಗೇ ಇತ್ತು. ಯಾರೋ ಹೆಸರು ಹಿಡಿದು ಕರೆದಂಗಾಯ್ತು, ತಿರುಗಿದೆ, ಬಿದ್ದೆ."

ಗೌಡರ ಎದುರು ಆ ಹೆಸರು ಮೊದಲ ಸಲ ನನ್ನ ಬಾಯಿಂದ ಹೊರಟಿದ್ದೂ ಹತ್ತು ವರ್ಷದ ಹಿಂದಿನ ಮೆಣಸು ಕೊಯ್ಲಿನಲ್ಲೇ. ನಾನು ಅವನ ನೋಟುಗಳನ್ನು ಅವನ ಜೇಬಿಗೇ ವಾಪಸ್ ತುರುಕಿದೆ. "ನಾಳೆಯಿಂದ ಎಂಟು ಗಂಟೆಗೆ ಕೆಲಸಕ್ಕೆ ಬಾ" ಎಂದೆ.  ನನ್ನದಲ್ಲದ ಸಾಲಕ್ಕೆ ಹತ್ತು ಸಲ ಇಲ್ಲ ಎಂದಿದ್ದವನಿಗೆ ಈ ಸಾಲಕ್ಕೆ ಇಲ್ಲ ಎನ್ನಲು ಬಾಯಿ ಬರಲಿಲ್ಲ.

ಮರುದಿನ ಪ್ರವೀಣ ಬಂದು "ಶೀನ ಬಂದ್ರಾ ಸಾರ್?" ಎಂದಾಗ, ಹತ್ತು ವರ್ಷದಲ್ಲಿ ಮೊದಲ ಬಾರಿಗೆ "ಬಂದಿದ್ದಾನೆ" ಎಂದೆ. ಪ್ರವೀಣನೇ ಬೆಚ್ಚಿಬಿದ್ದ! ಪ್ರತಿ ತಿಂಗಳು ಸಂಬಳದಿಂದ ಕಂತು ಕಟ್ಟುವುದೆಂದು ಮಾತಾಯಿತು. ಶೀನ ಲಕ್ಷಣವಾಗಿ ಎಂಟಕ್ಕೆ ಬರುತ್ತಾನೆ, ಕಲಿತದ್ದನ್ನು ಮರೆಯುವುದಿಲ್ಲ, ಹಳೆಯ ಮೋಟರುಗಳೆಲ್ಲ ಒಂದೊಂದಾಗಿ ಮನೆ ಸೇರಿದವು. ತಡವಾಗಿ ಬರುವವನು ಈಗ ನಾನೊಬ್ಬನೇ.

ಮೊನ್ನೆ ಒಂದು ಬೆಳಿಗ್ಗೆ ಮತ್ತೆ ಅದೇ ಮಂಜು. ಹತ್ತೂವರೆಗೆ ಅಂಗಡಿಯ ಹತ್ತಿರ ಬಂದೆ. ಒಳಗೆ ಧರ್ಮಪ್ಪಗೌಡರ ದೊಡ್ಡ ಗಂಟಲು ಕೇಳಿಸಿತು. "ಎಲ್ಲಿ ಮಾರಾಯ ನನ್ನ ಪಲ್ಪರು? ಹಣ್ಣು ಕೊಯ್ದು ರಾಶಿ ಹಾಕಿದ್ದೀನಿ!"

"ಎಂಥ ಮಾಡೋದು ಗೌಡ್ರೇ" ಎಂದಿತು ಶೀನನ ದನಿ, ಬಹಳ ದುಃಖದಿಂದ. "ನಮ್ಮ ಸಾಹುಕಾರ್ರು ಬಂದಿಲ್ಲ."

"ಏನಂತೆ ಅವನಿಗೆ?"

 ಶೀನ ಯೋಚಿಸುತ್ತಿದ್ದ. ಹತ್ತು ವರ್ಷದ ಹಿಂದೆ, ಶೀನನಿಗೆ ಏನಾಗಿದೆ ಎಂದು ಜನ ಮೊದಲ ಸಲ ಕೇಳಿದಾಗ ನಾನೂ ಹೀಗೆಯೇ ಒಂದು ಕ್ಷಣ ಯೋಚಿಸಿದ್ದೆ.

"ಮೊಣಕಾಲು ನೋವಂತೆ ಗೌಡ್ರೇ. ಎಡಗಡೆದು."

ಇವನ ಸುಳ್ಳನ್ನು ಇಲ್ಲೇ ಹಿಡಿದುಹಾಕುತ್ತೇನೆ ಎಂದು ಬಾಗಿಲ ಕಡೆಗೆ ರಭಸದಿಂದ ಒಂದು ಹೆಜ್ಜೆ ಇಟ್ಟೆ.

ಎಡ ಮೊಣಕಾಲು ಚುಳ್ ಎಂದಿತು!